ಹಾಲು ಕೊಟ್ಟವಳಿಗೆ ಸಕ್ಕರೆ

ನೀನು ನನ್ನ ಹಾಲು ಕುಡಿದು ಬೆಳೆದವಳಲ್ಲ, ಪುಟ್ಟಿ. ಹುಟ್ಟಿದ ಮೊದಲ ಕೆಲವು ತಿಂಗಳು ನಿನಗೆ ಎದೆಹಾಲು ಕೊಟ್ಟವಳು ಬೇರೆ — ಅವಳನ್ನು ನಾನು, ಯಾರೋ ಗೊತ್ತಿಲ್ಲದವಳ ಹಾಗೆ, ಬಾಗಿಲಿಂದಲೇ ಸಾಗಹಾಕಿದೆ. ಇದು ನಿನ್ನ ಅಪ್ಪನಿಗೂ ಗೊತ್ತಿಲ್ಲ.

ಹೋದ ವಾರ ಮೆಲ್ಬರ್ನ್‌ನಲ್ಲಿ ನೀನು ನನ್ನನ್ನು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆಯಲ್ಲ, ಅಲ್ಲಿ ಇಟಲಿಯಿಂದ ತಂದಿದ್ದ ಆ ಸುಟ್ಟ ಮಣ್ಣಿನ ಉಬ್ಬುಶಿಲ್ಪ — ನೀಲಿ ಹಿನ್ನೆಲೆ, ಬೆಳ್ಳಗೆ ಹೊಳೆಯುವ ಹೆಂಗಸು, ಎದೆ ಕಚ್ಚಿದ ಒಂದು ಕೂಸು, ಬಟ್ಟೆಯಂಚು ಹಿಡಿದು ಮೇಲೆ ನೋಡುತ್ತಾ ನಿಂತ ಇನ್ನೊಂದು. ಕೂಸಿನ ಬೆರಳು ಒತ್ತಿದ ಕಡೆ ಎದೆ ತಗ್ಗಾಗಿತ್ತು, ಅಷ್ಟು ಮೆತ್ತಗೆ. ನೀನು ಪಕ್ಕದ ಫಲಕ ಓದಿ, ಇದು ಯಾರೋ ಒಬ್ಬ ತಾಯಿಯಲ್ಲ, ಕ್ರೈಸ್ತರು ಚಾರಿಟಿ ಅನ್ನುವ, ಪರರನ್ನು ಪ್ರೀತಿಯಿಂದ ಪೊರೆಯುವ ಗುಣವನ್ನೇ ಹೀಗೆ ಹೆಣ್ಣಾಗಿ ತೋರಿಸುತ್ತಿದ್ದರು ಅಂತ ಇಂಗ್ಲಿಷಿನಲ್ಲಿ ವಿವರಿಸಿದೆ. ಮಕ್ಕಳು ಅವಳವೇ ಆಗಬೇಕೆಂದೇನೂ ಇಲ್ಲ ಅಂದೆ. ಹಸಿವು ಅಂತ ಸುಳ್ಳು ಹೇಳಿ ನಿನ್ನನ್ನು ಕೆಫೆಗೆ ಎಳೆದುಕೊಂಡು ಹೋದೆ.

ನೀನು ಹುಟ್ಟಿದಾಗ ನಾವು ಇದೇ ಮೆಲ್ಬರ್ನ್‌ನ ಡ್ಯಾಂಡಿನಾಂಗಿನಲ್ಲಿ, ಮಹಡಿ ಮೇಲಿನ ಒಂದು ಬಾಡಿಗೆ ಯೂನಿಟ್ಟಿನಲ್ಲಿದ್ದೆವು. ನಿನ್ನ ಅಪ್ಪನಿಗೆ ಸಿಡ್ನಿಯಲ್ಲಿ ಕೆಲಸ, ವಾರಕ್ಕೊಮ್ಮೆ ಬರುವುದು. ನನಗೆ ಎದೆ ಬಾತು, ಜ್ವರ ಬಂದು, ಹಾಲು ಬತ್ತಿಹೋಯಿತು. ನೀನೋ, ಬಾಟಲಿ ಕಂಡರೆ ಬಾಯಿ ಬಿಗಿಹಿಡಿಯುತ್ತಿದ್ದೆ. ಕೆಳಗಿನ ಯೂನಿಟ್ಟಿನ ಸುಗುಣಕ್ಕ ನಿನ್ನ ಅಳು ಕೇಳಿ ಮೇಲೆ ಬಂದಳು. ಹುಬ್ಬಳ್ಳಿಯ ಕ್ರಿಶ್ಚಿಯನ್ ಮನೆಯವಳು. ಅವಳ ಕಂಕುಳಲ್ಲೂ ನಿನ್ನಷ್ಟೇ ಗಾತ್ರದ ಗಂಡುಕೂಸು.

"ಇಲ್ಲೆ ಕೊಡು ತಂಗಿ," ಅಂದಳು. ಅಷ್ಟೇ.

ಆಮೇಲೆ ದಿನವೂ ಹಾಗೇ. ತನ್ನ ಮಗನನ್ನು ನನ್ನ ಮಡಿಲಿಗೆ ಹಾಕಿ ನಿನ್ನನ್ನು ಎತ್ತಿಕೊಳ್ಳುವಳು. ಮೊದಲು ನಿನಗೆ, ಆಮೇಲೆ ಅವನಿಗೆ. ಅವನು ಕೈ ಚೀಪುತ್ತಾ ಕಾಯುತ್ತಿದ್ದ. ನೀನು ಮೈ ತುಂಬಿಕೊಂಡೆ. ಅಪ್ಪ ಬಂದಿದ್ದಾಗ ಮಾತ್ರ ನಾನೇ ನಿನ್ನನ್ನು ಎತ್ತಿಕೊಂಡು ಕೆಳಗೆ ಅವಳ ಮನೆಗೆ ಹೋಗಿಬರುತ್ತಿದ್ದೆ. ಹಾಲು ಸಾಕಾಗುತ್ತಾ ಅಂತ ನಿನ್ನ ಅಜ್ಜಿ, ನಮ್ಮತ್ತೆ, ಫೋನಿನಲ್ಲಿ ಕೇಳಿದಾಗಲೆಲ್ಲ, ಬೇಕಾದಷ್ಟಿದೆ ಅಂತಿದ್ದೆ.

ಕೊನೆಗೆ ಅಜ್ಜಿ ಮೈಸೂರಿನಿಂದ ಬಂದೇಬಿಟ್ಟರು. ಮಡಿಯ ಹೆಂಗಸು, ಬೇರೆ ಜಾತಿಯವರ ಮನೆಯಲ್ಲಿ ನೀರೂ ಮುಟ್ಟದವರು. ಸುಗುಣಕ್ಕನಿಗೆ ಮೊದಲೇ ಹೇಳಬೇಕಿತ್ತು — ಹೇಳಲಿಲ್ಲ, ಏನಂತ ಹೇಳುವುದು... ಮಾರನೆಯ ಬೆಳಿಗ್ಗೆ ಎಂದಿನಂತೆ ಬಂದು ಬಾಗಿಲು ತಟ್ಟಿದಳು. ಅವಳ ದನಿ ಕೇಳಿದ್ದೇ ತಡ, ನೀನು ಅಜ್ಜಿಯ ತೋಳಿನಿಂದ ಅತ್ತ ವಾಲಿ ಅಳತೊಡಗಿದೆ. ಯಾರಿವರು ಅಂತ ಅಜ್ಜಿ ಕೇಳಿದರು.

"ಗೊತ್ತಿಲ್ಲ ಅತ್ತೆ. ಕೆಳಗಿನ ಮನೆಯವರಿರಬೇಕು."

ಸುಗುಣಕ್ಕ ನನ್ನ ಮುಖ ನೋಡಿದಳು. ಅವಳ ಕುರ್ತಾ ಎದೆಯ ಹತ್ತಿರ ಒದ್ದೆಯಾಗುತ್ತಿತ್ತು, ದುಪಟ್ಟಾ ಎಳೆದುಕೊಂಡಳು.

"ಒಂದೀಟು ಸಕ್ಕರಿ ಬೇಕಾಗಿತ್ರಿ."

ನನ್ನ ಸುಳ್ಳಿಗೆ ಅವಳೇ ಆಸರೆ ಕೊಟ್ಟಳು. ನಾನು — ಥೂ, ನನ್ನ ಜನ್ಮಕ್ಕೆ — ನಿಜವಾಗಿಯೂ ಲೋಟದಲ್ಲಿ ಸಕ್ಕರೆ ತಂದು ಅವಳ ಕೈಗಿಟ್ಟೆ.

ಆ ದಿನವೆಲ್ಲ ನೀನು ಅಳುತ್ತಲೇ ಇದ್ದೆ. ಸೋತು ಸಂಜೆಗೆ ಬಾಟಲಿ ಹಿಡಿದೆ. ಸ್ವಲ್ಪ ದಿನದಲ್ಲೇ ಮನೆ ಖಾಲಿ ಮಾಡಿ ಸಿಡ್ನಿಗೆ ಬಂದೆವು. ಮೆಟ್ಟಿಲಿಳಿಯುವಾಗ ಅವಳ ಬಾಗಿಲು ತಟ್ಟಲಿಲ್ಲ.

ಅತ್ತೆಗೆ ಹೆದರಿದೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅಲ್ಲ ಕಣೇ. ನೀನು ಅವಳ ಕಡೆ ವಾಲಿದೆಯಲ್ಲ, ಅದನ್ನು ನನಗೆ ಸಹಿಸಲಾಗಲಿಲ್ಲ.

ಭಾನುವಾರ ನೀನು ಸಿಡ್ನಿಗೆ, ಕೆಲ್ಲಿವಿಲ್ಲಿನ ನಮ್ಮ ಮನೆಗೆ ಬಂದಾಗ ಈ ಕಾಗದವನ್ನು ನಿನ್ನೆದುರೇ ಓದುತ್ತೇನೆ. ಆಮೇಲೆ ಅವಳನ್ನು ಹುಡುಕಿಕೊಂಡು ಹೋಗುತ್ತೇನೆ — ನೀನು ಜೊತೆಗೆ ಬಂದರೂ ಸರಿ, ಬಾರದಿದ್ದರೂ ಸರಿ. ನೀನು ಮೊದಲು ಕೇಳುವುದು ಆ ಹುಡುಗನ ಬಗ್ಗೆಯೇ, ನನಗೆ ಗೊತ್ತು. ನಿನಗೆ ಬಿಟ್ಟುಕೊಟ್ಟು, ನನ್ನ ಮಡಿಲಲ್ಲಿ ತನ್ನ ಪಾಲಿಗೆ ಕಾದವನು. ಅವನ ಹೆಸರೇ ನನಗೆ ನೆನಪಾಗುತ್ತಿಲ್ಲ.