ಅತ್ತೆ ತೊಯ್ಯಬಾರದು

ಆ ವರ್ಷದ ಮಳೆಗಾಲವಿಡೀ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ, ಭತ್ತ ಒಣಗಿಸುವ ಸಿಮೆಂಟ್ ಕಣದ ನಟ್ಟನಡುವೆ, ಹಾಯಿದೋಣಿಯೊಂದು ನಿಂತಿತ್ತು. ಕೆಳಗೆ ಮರದ ದಿಮ್ಮಿ, ಅಕ್ಕಪಕ್ಕ ಹಳೆ ಲಾರಿ ಟೈರು. ಭತ್ತ ತಂದವರು ಚೀಲ ಇಳಿಸುವ ಮೊದಲು ಅದಕ್ಕೊಂದು ಸುತ್ತು ಬರುತ್ತಿದ್ದರು. ಒಬ್ಬ ಹಿರಿಯರು ಮಾವನನ್ನು ಪಕ್ಕಕ್ಕೆ ಕರೆದು, ಹೊಳೆಗೆ ಈ ಸಲ ಎಷ್ಟು ನೀರು ಬರುತ್ತದಂತೆ, ಮೊದಲೇ ತಿಳಿಸಿದರೆ ನಾವೂ ದನ ಬಿಚ್ಚಿಕೊಳ್ಳುತ್ತೇವೆ ಎಂದು ಗುಟ್ಟಾಗಿ ಕೇಳಿದ್ದರು. ಅವರ ದನಿ ನನ್ನ ನಾಲಿಗೆಗೆ ಚೆನ್ನಾಗಿ ಕೂತಿತು. ಮಾವ ದೋಣಿಯ ಹೊಟ್ಟೆಯೊಳಗೆ ಕೆಲಸದಲ್ಲಿದ್ದಾಗ ಹೊರಗೆ ನಿಂತು ಅದೇ ಪ್ರಶ್ನೆ ಕೇಳುತ್ತಿದ್ದೆ. ಪಾಪ, ಉತ್ತರ ಹೇಳಲು ಪ್ರತಿ ಸಲವೂ ಕೈ ಒರೆಸಿಕೊಳ್ಳುತ್ತ ಮೇಲೆ ಬರುತ್ತಿದ್ದರು.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಫಿಟ್ಟರ್ ಆಗಿ ಜೀವಮಾನ ಕಳೆದವರು. ಇಷ್ಟು ವರ್ಷ ಸಮುದ್ರದ ಮೇಲಿದ್ದೂ ತಾವು ಕಂಡದ್ದು ಬರೀ ಎಣ್ಣೆ ಎನ್ನುತ್ತಿದ್ದರು. ಸಿರುಗುಪ್ಪದಲ್ಲೇ ಉಳಿದ ಅತ್ತೆಯ ಪಾಲಿಗೆ ಸಮುದ್ರವೆಂದರೆ ಫೋನಿನಲ್ಲಿ ಕೇಳುವ ಗಾಳಿ. ಮಾವ ಯಾವುದೋ ಬಂದರಿನಿಂದ ಫೋನ್ ಮಾಡಿ "ಹಲೋ, ಕೇಳ್ತೈತೇನ" ಅನ್ನುತ್ತಿದ್ದರು, ಅತ್ತೆ "ಬರೇ ಗಾಳಿ ಕೇಳ್ತೈತಿ" ಅನ್ನುತ್ತಿದ್ದಳು. ಈ ಇಬ್ಬರ ಸಂಭಾಷಣೆಯನ್ನು ಗಾಳಿಯ ಸಮೇತ ಮಾಡಿ ತೋರಿಸುವುದು ನಾನು ಸಾಲಿಗೆ ಹೋಗುವಾಗಲೇ ಕಲಿತ ವಿದ್ಯೆ. ಉಳಿದ ವಿದ್ಯೆಗಳು ಅಷ್ಟು ಬೇಗ ಹತ್ತಲಿಲ್ಲ.

ನಿವೃತ್ತಿಯಾದ ಮೇಲೆ ಮಾವ ಕಾರವಾರದಲ್ಲಿ ಹಳೆಯದೊಂದು ಹಾಯಿದೋಣಿ ಕೊಂಡರು. ಮಳೆ ಮುಗಿದ ಕೂಡಲೇ ಗಂಡ ಹೆಂಡತಿ ಇಬ್ಬರೇ ಕರಾವಳಿಯ ಗುಂಟ ಕೇರಳದ ತನಕ ಹೋಗುವುದು ಎಂದು ಮಾತಾಯಿತು. ಮಳೆಗಾಲದಲ್ಲಿ ಅಲ್ಲಿಯವರು ದೋಣಿಗಳನ್ನು ದಡಕ್ಕೆ ಎಳೆದಿಡುತ್ತಾರೆ. ಮಾವ ಅದನ್ನು ಲಾರಿಗೇ ಏರಿಸಿ ತಮ್ಮ ಅಣ್ಣನ ಗಿರಣಿಗೆ ತಂದರು. ಯಾಕೆಂದು ಕೇಳಿದರೆ, ಅಲ್ಲಿ ಎಲ್ಲಕ್ಕೂ ತುಕ್ಕು ಹಿಡಿಯುತ್ತದೆ, ನಮ್ಮೂರಲ್ಲಾದರೆ ಮನುಷ್ಯರೂ ಒಣಗುತ್ತಾರೆ ಎಂದರು.

ತೊಡಕು ಒಂದೇ. ಅತ್ತೆಗೆ ದಮ್ಮಿತ್ತು. ಒದ್ದೆ ಮೈ ಮತ್ತು ಗಾಳಿ ಎರಡೂ ಕೂಡಿದರೆ ಅವಳ ಎದೆ ಸಿಳ್ಳೆ ಹಾಕುತ್ತಿತ್ತು. ಹೋಗಲಿ, ಆದರೆ ತೊಯ್ಯಬಾರದು ಎಂದು ಬಳ್ಳಾರಿಯ ಡಾಕ್ಟರು ಖಡಾಖಂಡಿತ ಹೇಳಿದ್ದರು. ದೋಣಿಯ ಹಿಂಭಾಗದಲ್ಲಿ ಚುಕ್ಕಾಣಿ ಹಿಡಿದು ಕೂರುವ ತಗ್ಗಾದ ಜಾಗ ಒಂದಿರುತ್ತದೆ. ಮಾವ ಅದಕ್ಕೆ ಕಾಕ್‌ಪಿಟ್ ಅನ್ನುತ್ತಿದ್ದರು. ಹಗಲೆಲ್ಲ ಕಳೆಯುವುದು ಅಲ್ಲೇ, ಅಲೆ ಸಿಡಿಯುವುದೂ ಅಲ್ಲಿಗೇ. ಅದರ ಸುತ್ತ ಮನೆಯಂತೆ ಒಂದು ಹೊದಿಕೆಯಾಗಬೇಕಿತ್ತು: ಮೇಲೆ ಗಟ್ಟಿ ಬಟ್ಟೆಯ ಸೂರು, ನಾಲ್ಕೂ ಕಡೆ ಹೊರಗಿನದು ಕಾಣುವಂಥ ಪ್ಲಾಸ್ಟಿಕ್ ಗೋಡೆ, ಬೇಕಾದಾಗ ಬಿಚ್ಚಲು ಜಿಪ್ಪು. ಅದು ನೀರು ತಡೆದರೆ ಅತ್ತೆ ದೋಣಿ ಹತ್ತುತ್ತಾಳೆ, ಇಲ್ಲವಾದರೆ ಇಲ್ಲ. ಕಾರವಾರದಲ್ಲಿ ಇಂಥದ್ದು ಹೊಲಿಯುವವರು ಸೀಸನ್ ಮುಗಿದ ಮೇಲೆ ಬನ್ನಿ ಎಂದರಂತೆ. ಆಗ ಮಾವನಿಗೆ ನಾವು ನೆನಪಾದೆವು.

ಕೌಲ್ ಬಜಾರಿನಲ್ಲಿ ನಮ್ಮಪ್ಪನದು ಆಟೋ ಹುಡ್ ಹೊಲಿಯುವ ಅಂಗಡಿ. ಹುಡ್ಡು, ಸೀಟು, ಪಕ್ಕದ ಪರದೆ, ಟ್ರ್ಯಾಕ್ಟರ್ ಟಾಪು ಎಲ್ಲ ಮಾಡುತ್ತೇವೆ. ನಾನು ಹೊಲಿದ ಪರದೆಯೊಳಗೆ ಒಂದು ಹನಿ ನೀರೂ ಬಂದಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ. ನಮ್ಮೂರಲ್ಲಿ ಪರದೆಯ ತನಕ ನೀರು ಬರುವುದೇ ಅಪರೂಪ. ನಾವು ಹೊಲಿಯುವುದು ಧೂಳಿಗೆ. ಅಪ್ಪ ಕೆಲಸ ಒಪ್ಪಿಕೊಳ್ಳಲು ಹಿಂದೆಮುಂದೆ ನೋಡಿದರು. ನಾನು ಒಪ್ಪಿಕೊಂಡೆ. ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ ಮಾಡುವ ನನ್ನಕ್ಕ, ಇವನೊಬ್ಬನನ್ನೇ ಕಳಿಸಿದರೆ ಅತ್ತೆ ಸೀದಾ ಮೀನಿನ ಪಾಲಾಗುತ್ತಾಳೆ ಎಂದು ರಜೆ ಹಾಕಿ ಜೊತೆಗೆ ಹೊರಟಳು. ಭಾರಿ ಬಟ್ಟೆ ಹೊಲಿಯುವ ಯಂತ್ರವನ್ನು ಟೆಂಪೋದಲ್ಲಿ ಮೊದಲೇ ಕಳಿಸಿದೆವು.

ಸೂರು ಹೊರುವ ಸ್ಟೀಲ್ ಪೈಪಿನ ಚೌಕಟ್ಟು ಕುರುಗೋಡಿನಲ್ಲಿ ಆಯಿತು. ಅಲ್ಲಿ ನಮಗೆ ಟ್ರ್ಯಾಕ್ಟರ್ ಟಾಪಿನ ಪೈಪು ಬಗ್ಗಿಸಿಕೊಡುವ ವೆಲ್ಡರ್ ಒಬ್ಬರಿದ್ದಾರೆ. ಮಾತು ಕಡಿಮೆ, ನಿಟ್ಟುಸಿರು ಜಾಸ್ತಿ. ಅಭ್ಯಾಸಬಲದಿಂದ ಅವರು ರುಮಾಲು ಸುತ್ತಿದ ರೈತ ನೆಟ್ಟಗೆ ಕೂರುವಷ್ಟು ಎತ್ತರಕ್ಕೆ ಬಗ್ಗಿಸಿದ್ದರು. ತಂದು ನಿಲ್ಲಿಸಿದರೆ ಹಾಯಿಯ ಕೆಳಗಿನ ಅಡ್ಡಕೋಲು ಅದಕ್ಕೆ ಬಡಿಯಿತು. ಇದನ್ನು ಫೋನಿನಲ್ಲಿ ಹೇಳಲು ಹೋದೆ. ಅವರು ನಿಟ್ಟುಸಿರು ಬಿಟ್ಟರು, ನಾನೂ ಥೇಟ್ ಅವರದೇ ನಿಟ್ಟುಸಿರು ವಾಪಸ್ ಬಿಟ್ಟೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ಉಸಿರಾಡಿದೆವು. ಆಮೇಲೆ ಚೌಕಟ್ಟನ್ನು ಬಸ್ಸಿನ ಮೇಲೆ ಹಾಕಿಕೊಂಡು ಕುರುಗೋಡಿಗೆ ಹೋಗಿ, ಗಿಡ್ಡ ಮಾಡಿಸಿ ತಂದೆ.

ದಿನವೂ ಬೆಳಿಗ್ಗೆ ಅಡುಗೆ ಮುಗಿಸಿ ಬಳ್ಳಾರಿಯಿಂದ ಬಸ್ಸು ಹತ್ತಿದರೆ, ಸಿರುಗುಪ್ಪ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬರುತ್ತಿತ್ತು. ಆ ಕಾದ ಸಿಮೆಂಟಿನ ಮೇಲೆ ದಿನಪತ್ರಿಕೆ ಹರಡಿ ಅಳತೆ ಕತ್ತರಿಸಿದೆವು, ಪ್ಲಾಸ್ಟಿಕ್ ಶೀಟು ಕೊಯ್ದೆವು, ಅಂಚಿಗೆ ಬಟ್ಟೆ ಕೊಟ್ಟು ಜಿಪ್ಪು ಹಚ್ಚಿದೆವು. ಸಡಿಲ ಉಳಿದರೆ ಗಾಳಿಗೆ ಪಟಪಟ ಬಡಿದು ಹರಿಯುತ್ತದೆ ಎಂದು ಮಾವ ಎಚ್ಚರಿಸಿದ್ದರಿಂದ, ಶೀಟನ್ನು ಹಲಗೆ ವಾದ್ಯದ ಚರ್ಮದ ಹಾಗೆ ಜಗ್ಗಿ ಜಗ್ಗಿ ಕೂರಿಸಿದೆ. ಬೆರಳಿಂದ ಬಡಿದರೆ ನಾದ ಬರುತ್ತಿತ್ತು. ನಾನು ಬಾರಿಸಿಯೂ ತೋರಿಸಿದೆ. ಹೊಲಿಗೆಯ ತೂತುಗಳಿಗೆ ಅಕ್ಕ ಮೇಣ ತಿಕ್ಕಿದಳು.

ಲಾರಿ ಬರಲು ಎರಡು ದಿನವಿರುವಾಗ ಪರೀಕ್ಷೆ ಇಟ್ಟುಕೊಂಡೆವು. ನೀರು ನಿಂತಿತೋ ಇಲ್ಲವೋ ಎಂದು ಹೇಳಬೇಕಾದದ್ದು ತನ್ನ ಸೀರೆ, ನಾವಲ್ಲ ಎಂದು ಅತ್ತೆ ಮೊದಲೇ ಕರಾರು ಮಾಡಿದ್ದಳು. ಏಣಿ ಹತ್ತಿ ಹೋಗಿ ಒಳಗೆ ಗೋಣಿಚೀಲ ಮಡಚಿ ಹಾಕಿಕೊಂಡು ಕೂತಳು. ಜಿಪ್ಪು ಎಳೆದೆ, ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಮಾವ ಬೋರಿನ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಅಡ್ಡಡ್ಡ ಮಳೆ ಸುರಿಸಿದರು. ನಾನು ಬಕೆಟ್ಟಿನಿಂದ ಅಲೆಗಳನ್ನು ಎರಚಿದೆ. ಅಕ್ಕ ಹೊಲಿಗೆಗಳ ಮೇಲೆ ಕಣ್ಣಿಟ್ಟಿದ್ದಳು. ಎಲ್ಲೂ ಸೋರಲಿಲ್ಲ. ಹೆಮ್ಮೆಯಿಂದ ಜಿಪ್ಪು ಬಿಚ್ಚಿದರೆ ಅತ್ತೆ ಅಡಿಯಿಂದ ಮುಡಿಯವರೆಗೆ ತೊಯ್ದು ತೊಪ್ಪೆಯಾಗಿ, ಏದುಸಿರು ಬಿಡುತ್ತ ಹೊರಗೆ ಬಂದಳು.

ನಡು ಮಧ್ಯಾಹ್ನ, ಸಿರುಗುಪ್ಪದ ಬಿಸಿಲು, ಗಾಳಿಯಾಡದ ಪ್ಲಾಸ್ಟಿಕ್ ಡೇರೆ. ಅದು ಬರೀ ಬೆವರು, ಲೆಕ್ಕಕ್ಕಿಲ್ಲ ಎಂದು ಮಾವ ವಾದ ಹೂಡಿದರು.

ಅತ್ತೆ ಸೆರಗು ಹಿಂಡಿ ತೋರಿಸಿದಳು. "ತೊಯ್ದದ್ದು ತೊಯ್ದದ್ದ ರೀ. ಇದು ಬೆವರಾ ಸಮುದ್ರಾ ಅಂತ ನನ್ನ ಎದಿಗೇನು ಗೊತ್ತಾಕೈತಿ?"

ಹಾಗೆಂದು ಕೈಬಿಡುವವಳೂ ಅಲ್ಲ ಅವಳು. ಗಾಳಿಗೊಂದು ದಾರಿ ಮಾಡಿ, ನಾಳೆ ತಂಪು ಹೊತ್ತಿನಲ್ಲಿ ಮತ್ತೊಮ್ಮೆ ನೋಡೋಣ ಎಂದಳು. ಸೀರೆಯ ಸಾಕ್ಷಿಯಲ್ಲಿ ತಕರಾರು ಬರುವುದರಿಂದ ಈ ಸಲ ಒಂದು ಬಟ್ಟಲು ಮಂಡಕ್ಕಿ ಇಟ್ಟುಕೊಂಡು ಕೂರುತ್ತಾಳಂತೆ. ಮಂಡಕ್ಕಿಗೆ ಸುಳ್ಳು ಹೇಳಲು ಬರುವುದಿಲ್ಲ, ಚೂರು ತೇವ ತಾಗಿದರೂ ಮೆತ್ತಗಾಗುತ್ತದೆ. ಅಂದು ಸಂಜೆಯೇ ಅಕ್ಕ ಹಿಂದಿನ ಗೋಡೆಯ ಮೇಲ್ಭಾಗ ಕತ್ತರಿಸಿ, ಸುರುಳಿ ಸುತ್ತಿ ಮೇಲೆ ಕಟ್ಟುವ ಕಿಟಕಿ ಮಾಡಿದಳು. ನಾವಿಬ್ಬರೂ ಮೊದಲ ಬಾರಿಗೆ ಸಿರುಗುಪ್ಪದಲ್ಲೇ ಉಳಿದೆವು.

ರಾತ್ರಿ ನಾಲ್ಕು ಹನಿ ಮಳೆಯಾಗಿ, ಬೆಳಗಿನ ಜಾವ ಹೊಳೆ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಅತ್ತೆ ಶಾಲು ಹೊದ್ದು, ಮಂಡಕ್ಕಿ ಬಟ್ಟಲು ಹಿಡಿದು ಒಳಗೆ ಕೂತಳು. ನಾನು ಜಿಪ್ಪು ಎಳೆದೆ. ಅರ್ಧಕ್ಕೆ ನಿಂತಿತು. ಎರಡು ಅಂಚುಗಳ ನಡುವೆ ಬೆರಳು ತೂರುವಷ್ಟು ಸಂದು. ಮಾವ ಜಗ್ಗಿದರು, ಇಬ್ಬರೂ ಕೂಡಿ ಜಗ್ಗಿದೆವು. ಜಿಪ್ಪಿನ ಹಲ್ಲು ಕಿರುಗುಟ್ಟಿತೇ ಹೊರತು ಮುಂದೆ ಸರಿಯಲಿಲ್ಲ. ಮತ್ತೊಂದು ಗೋಡೆಯದೂ ಹಾಗೇ. ಜಿಪ್ಪು ಮಾಡಿದವರನ್ನು ಬೈದೆ. ಆಮೇಲೆ ಅಕ್ಕನನ್ನು ಬೈದೆ. ಅಕ್ಕ ಸಾಲು ಮುರಿಯದೆ ನನ್ನನ್ನು ಬೈದಳು.

ಬೈಯುವವರು ಮುಗಿದ ಮೇಲೆ ಪ್ಲಾಸ್ಟಿಕ್ಕಿನ ಮೇಲೆ ಅಂಗೈ ಇಟ್ಟೆ. ಮಧ್ಯಾಹ್ನ ಹೆಂಚಿನಿಂದ ತೆಗೆದ ದೋಸೆಯಂತೆ ಬಳುಕುತ್ತಿದ್ದ ಶೀಟು ಈಗ ಒಣ ಹಪ್ಪಳದಂತೆ ಸೆಟೆದುಕೊಂಡಿತ್ತು. ಅಷ್ಟೂ ದಿನ ನಾವು ಅಳೆದದ್ದು, ಜಗ್ಗಿದ್ದು, ಹೊಲಿದದ್ದು ಎಲ್ಲ ಉರಿಬಿಸಿಲಲ್ಲಿ. ಕಾದು ಹಿಗ್ಗಿದ್ದನ್ನು ಇನ್ನಷ್ಟು ಹಿಗ್ಗಿಸಿ ಕೂರಿಸಿದ್ದೆ. ತಂಪು ತಾಗಿದ್ದೇ ಅದು ಕುಗ್ಗಿತ್ತು. ಸಮುದ್ರದ ಮೇಲೆ ಅಲೆ ಹೊಡೆದು ಗಾಳಿ ಬೀಸುವಾಗ, ಬೇಕೇ ಬೇಕೆನ್ನುವ ಹೊತ್ತಿನಲ್ಲೇ ಇದು ಮುಚ್ಚುತ್ತಿರಲಿಲ್ಲ. ತೊಳೆದರೆ ಜೀನ್ಸು ಎಷ್ಟು ಕುಗ್ಗುತ್ತದೆ ಎಂಬ ಲೆಕ್ಕದಲ್ಲೇ ದಿನ ಕಳೆಯುವ ಅಕ್ಕನಿಗೂ ಹೊಳೆದಿರಲಿಲ್ಲ. ನನ್ನ ಮಾತು ಬಿಡಿ, ನನಗೆ ಹೊಳೆಯುವುದು ಬೇರೆಯವರ ದನಿ ಮಾತ್ರ.

ಲಾರಿ ಮರುದಿನ ಬೆಳಿಗ್ಗೆ ಬರುವುದಿತ್ತು. ಮಾವ ಚುಕ್ಕಾಣಿ ಸವರುತ್ತ ನಿಂತರು. ಈ ಸಲ ಕಾರವಾರದಿಂದ ಒಬ್ಬ ಆಳನ್ನು ಕರೆದುಕೊಂಡು ತಾವು ಹೋಗಿಬರುವುದಾಗಿಯೂ ಅತ್ತೆಯನ್ನು ಬರುವ ವರ್ಷ ಕರೆದೊಯ್ಯುವುದಾಗಿಯೂ, ಯಾರ ಮುಖವನ್ನೂ ನೋಡದೆ ಹೇಳಿದರು.

ಅತ್ತೆ ಬಟ್ಟಲು ಎತ್ತಿಕೊಂಡಳು. "ಬರೋ ವರ್ಷ ಅನ್ನೋದು ನಾ ಫೋನಿನ್ಯಾಗ ಭಾಳ ಕೇಳೀನಿ," ಎಂದಳು. ಜೋರಾಗೇನೂ ಅಲ್ಲ. ಏಣಿಯ ಕಡೆ ನಡೆದಳು.

ಆ ಫೋನಿನ ಮಾತನ್ನು ಎಷ್ಟು ವರ್ಷದಿಂದ ಮಾಡಿ ತೋರಿಸಿದ್ದೆ, ಎಷ್ಟು ಮಂದಿಯನ್ನು ನಗಿಸಿದ್ದೆ. ಅದರಲ್ಲಿ ಈ ಸಾಲೂ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ.

"ಅತ್ತಿ, ಬಟ್ಲ ಅಲ್ಲೇ ಇಡು," ಅಂದೆ. "ನಾಳೆ ಇದೇ ಹೊತ್ತಿಗೆ ಅದನ್ನ ಹಿಡಕೊಂಡು ಇಲ್ಲೇ ಕುಂದರಬೇಕು ನೀನು. ಲಾರಿ ಬಂದರ ಬರಲಿ, ನಿಂತಿರತೈತಿ."

"ನಿನ್ನ ದನಿಯಾಗ ಹೇಳಾಕತ್ತಿಯೋ, ಯಾರದಾರ ದನಿಯಾಗೋ?" ಅಂದಳು ಅತ್ತೆ.

"ನಂದ ಐತಿ. ಭಾಳ ದಿನ ಆತು, ತುಕ್ಕು ಹಿಡದೈತಿ."

ಬಿಸಿಲು ಗಿರಣಿಯ ಮಾಡು ದಾಟುವ ಮೊದಲೇ ಕೆಲಸ ಹಿಡಿದೆವು. ಶೀಟು ತಣ್ಣಗಿರುವಾಗಲೇ ಒಂದೊಂದು ಗೋಡೆಗೂ ಎಷ್ಟು ಸಾಲದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಅಕ್ಕ ಜಿಪ್ಪಿನ ಪಕ್ಕದ ಹೊಲಿಗೆ ಬಿಚ್ಚುತ್ತ ಹೋದಳು. ಅತ್ತೆಯೂ ಒಂದು ಬ್ಲೇಡು ಹಿಡಿದು ಕೂತಳು, ಬಿಚ್ಚುವುದರಲ್ಲಿ ಅವಳ ಕೈ ನಮ್ಮಿಬ್ಬರಿಗಿಂತ ಚುರುಕು. ಶೀಟಿಗೂ ಜಿಪ್ಪಿಗೂ ನಡುವೆ ಸೂರಿನ ಬಟ್ಟೆಯದೇ ಪಟ್ಟಿ ಸೇರಿಸಿ ಮತ್ತೆ ಹೊಲಿಯಬೇಕು. ನಡುಮಧ್ಯಾಹ್ನ ಶೀಟು ಮೆತ್ತಗಾಗಿ, ಇಷ್ಟು ಪಟ್ಟಿ ಯಾಕೆ, ಜೋತು ಬೀಳುತ್ತದೆ ಎಂದು ನನಗೇ ಅನಿಸತೊಡಗಿತು. ಕೈ ಕತ್ತರಿಯ ಕಡೆ ಹೋಯಿತು. ಅಕ್ಕ ಸೀಮೆಸುಣ್ಣದ ಗೆರೆ ತೋರಿಸಿದಳು. ಕಣ್ಣನ್ನು ಬಿಟ್ಟು ಗೆರೆಯನ್ನು ನಂಬಿದೆ. ಹಾಕಿದ ಮೇಣವೆಲ್ಲ ಹೋಗಿತ್ತು, ಮತ್ತೆ ತಿಕ್ಕಿದೆವು. ಭಾರಿ ಸೂಜಿ ಮುರಿಯಿತು, ಬದಲಿಸಿದೆ, ಅದೂ ಮುರಿಯಿತು. ಮಾವ ಕೇಳಿದ್ದನ್ನು ಕೊಡುತ್ತ, ಹಿಡಿ ಅಂದದ್ದನ್ನು ಹಿಡಿಯುತ್ತ ನಮ್ಮ ಆಳಾಗಿ ದುಡಿದರು. ದಿನವಿಡೀ ನಾನು ಯಾರ ದನಿಯನ್ನೂ ಮಾಡಲಿಲ್ಲ. ಚಹಾ ಕೊಡುವಾಗ ಅಕ್ಕ ನನ್ನ ಹಣೆ ಮುಟ್ಟಿ ನೋಡಿದಳು. ದೀಪ ಹಚ್ಚುವ ಹೊತ್ತಿಗೆ ಕೊನೆಯ ಟಿಚ್ ಬಟನ್ ಹೊಡೆದೆ.

ಮರುದಿನ ಬೆಳಗಿನ ಜಾವವೂ ತಂಪಿತ್ತು. ಅತ್ತೆ ಶಾಲು, ಬಟ್ಟಲು ಸಮೇತ ಒಳಗೆ ಹೋದಳು. ಜಿಪ್ಪಿನ ಮೇಲೆ ಕೈ ಇಟ್ಟಾಗ ಮಾವ ಆಚೆ ಮುಖ ಮಾಡಿಕೊಂಡಿದ್ದರು. ಎಳೆದೆ. ನಿಲ್ಲದೆ ಹೋಯಿತು, ಕೊನೆಯ ಹಲ್ಲಿನ ತನಕ. ಎರಡನೆಯದು, ಮೂರನೆಯದು, ಎಲ್ಲವೂ. ಹಲಗೆಯ ನಾದವೇನೂ ಬರಲಿಲ್ಲ. ಬಡಿದರೆ ಡಬ್ ಅಂದಿತು. ನನಗೆ ಅಷ್ಟು ಚೆಂದದ ಸದ್ದು ಬೇರೆ ಕೇಳಿಸಿದ್ದಿಲ್ಲ.

ಮಾವ ಪೈಪು ಹಿಡಿದರು. ಮುಂದಿನಿಂದ, ಪಕ್ಕದಿಂದ, ಅಡಿಯಿಂದ ಮೇಲಕ್ಕೆ, ಅಷ್ಟು ವರ್ಷ ಕಣ್ಣಿಗೆ ಬೀಳದ ಸಮುದ್ರವನ್ನೆಲ್ಲ ಅಂದೇ ಸುರಿದರು. ಬಕೆಟ್ಟು ಎರಚಿ ನನ್ನ ರಟ್ಟೆ ಸೋತವು. ನಾವು ಮೂವರೂ ತೊಯ್ದು ನಡುಗುತ್ತಿದ್ದೆವು. ನೀರು ಹರಿಯುವ ಪ್ಲಾಸ್ಟಿಕ್ಕಿನಾಚೆ ಅತ್ತೆ ಮಸುಕು ಮಸುಕಾಗಿ ಕಾಣುತ್ತಿದ್ದಳು. ಏನು ಮಾಡುತ್ತಿದ್ದಾಳೆ ತಿಳಿಯಲಿಲ್ಲ. ತಾಳಲಾರದೆ, ಕೈಯನ್ನು ಫೋನಿನಂತೆ ಕಿವಿಗೆ ಹಿಡಿದು, ಮಾವನ ದನಿಯಲ್ಲಿ ಕೂಗಿದೆ: "ಹಲೋ, ಕೇಳ್ತೈತೇನ?"

ಒಳಗಿನಿಂದ ಉತ್ತರ ಬಂತು. "ಗಾಳಿ ಕೇಳವಲ್ದು. ನಿನ್ನ ದನಿ ಅಷ್ಟ ಕೇಳ್ತೈತಿ."

ಮಾವ ಪೈಪು ಕೆಳಗಿಟ್ಟು ತಾವೇ ಜಿಪ್ಪು ತೆಗೆದರು. ಅತ್ತೆ ಕೂತಲ್ಲಿಂದ ಏಳಲಿಲ್ಲ. ಬಟ್ಟಲಿನಿಂದ ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದಳು. ಕುರುಂ ಕುರುಂ ಸದ್ದು ಕೆಳಗೆ ಕಣದಲ್ಲಿ ನಿಂತ ಅಕ್ಕನಿಗೂ ಕೇಳಿಸಿತು. ಅಷ್ಟರಲ್ಲಿ ಗಿರಣಿಯ ಗೇಟಿನ ಹೊರಗೆ ಲಾರಿ ಬಂದು ಹಾರನ್ ಹೊಡೆಯಿತು. ಅತ್ತೆ ಅವಸರ ಮಾಡಲಿಲ್ಲ. ಪೂರ್ತಿ ನುಂಗಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಮಾವನನ್ನು ಕೇಳಿದಳು:

"ಆ ಕಡಿ ಮಂಡಕ್ಕಿ ಸಿಗತಾವೇನ್ರಿ? ಇಲ್ಲಂದರ ಈಗ ಒಂದು ಚೀಲ ತರಸ್ರಿ. ಲಾರಿಯಾಗ ಜಾಗಾ ಐತಲ್ಲ."

ಮಾವ ಹೂಂ ಎಂದರು. ಹೂಂ ಎನ್ನುವಾಗ ಅವರ ದನಿ ಒಂದು ಥರ ಆಗಿತ್ತು. ಮಂಡಕ್ಕಿ ತರಲು ಸೈಕಲ್ ಹತ್ತಿ ಹೋಗುವಾಗ ದಾರಿಯುದ್ದಕ್ಕೂ ಆ ದನಿ ಮಾಡಲು ನೋಡಿದೆ. ಬರಲಿಲ್ಲ.