ಅಕ್ಕನ ಮದುವೆ ಕ್ಯಾಸೆಟ್ಟಿನಲ್ಲಿ ಅವ್ವನ ದನಿ

ಅಕ್ಕನ ಧಾರೆಯ ಹೊತ್ತಿಗೆ ಅವ್ವ ಸೋಬಾನೆ ಹಾಡಿದ್ದಳು ಎಂದು ನನ್ನ ನೆನಪು. ಅವತ್ತು ಅವ್ವನ ಗಂಟಲು ಕಟ್ಟಿತ್ತು, ಹಾಡಿದವಳು ಸೋದರತ್ತೆ ಎಂದು ಅಕ್ಕನ ವಾದ. ಅವ್ವ ಈಗಿಲ್ಲ, ಅವಳ ದನಿ ಬೇರೆಲ್ಲೂ ಉಳಿದಿಲ್ಲ. ಹಾಗಾಗಿ ಶ್ರೀರಂಗಪಟ್ಟಣದ ಛತ್ರದಲ್ಲಿ ತೆಗೆಸಿದ್ದ ಮದುವೆಯ ವಿಡಿಯೊ ಕ್ಯಾಸೆಟ್ಟನ್ನು ಪಾಂಡವಪುರದ ಮನೆಯಲ್ಲಿ ಕಂಪ್ಯೂಟರಿಗೆ ಇಳಿಸಲು ಕೂತೆ.

ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಫೈಲುಗಳನ್ನೆಲ್ಲ ಕೂಡಿಡುವ ಮನೆಯ ಸರ್ವರ್ ಮಾಡಿಕೊಂಡಿದ್ದೇನೆ. ಇಳಿಸಿದ ಮೂಲ ಫೈಲನ್ನು ಮುಟ್ಟದೆ ಅದರಲ್ಲಿ ಎತ್ತಿಟ್ಟೆ. ನಕಲನ್ನಷ್ಟೇ ಎಫ್ಎಫ್ಎಂಪೆಗ್ ಎಂಬ ತಂತ್ರಾಂಶದಿಂದ ಬೇರೆ ವಿಡಿಯೊ ರೂಪಕ್ಕೆ ಪರಿವರ್ತಿಸಿದೆ. ಯಾರೇ ಮಾಡಿದರೂ ಹಾಗೇ ಮಾಡಬೇಕು.

ಅಕ್ಕ ಪಕ್ಕದಲ್ಲೇ ಕೂತಿದ್ದಳು. ತೆರೆಯ ಮೇಲೆ ಧಾರೆ ಬಂತು, ಅವ್ವನ ತುಟಿ ಅಲುಗಿತು. ಕೇಳಿಸಿದ್ದು ಸಿನಿಮಾ ಹಾಡು. ಆಗಿನ ವಿಡಿಯೊದವರು ಛತ್ರದ ಗದ್ದಲ ಅಳಿಸಿ ಅದರ ಮೇಲೆ ಚಿತ್ರಗೀತೆ ಕೂರಿಸಿ ಕೊಡುತ್ತಿದ್ದರು.

"ಈ ಆಡು ನಾನೇ ಬೇಕೂಂತ ಆಕುಸ್ದೆ ಕಣ್ಲಾ," ಎಂದಳು ಅಕ್ಕ.

"ತಡಿಯಕ್ಕ, ಇನ್ನೊಂದು ದಾರಿ ಐತೆ."

ಕೆಲವು ಕ್ಯಾಸೆಟ್ಟುಗಳಲ್ಲಿ ಹಾಡು ಒಂದು ಬದಿಯ ಸ್ಪೀಕರಿಗೆ ಮಾತ್ರ ಇದ್ದು, ಇನ್ನೊಂದು ಬದಿಯಲ್ಲಿ ಮೂಲ ಸದ್ದು ಉಳಿದಿರುತ್ತದೆ. ಎಡ ಬಲಗಳನ್ನು ಬೇರೆ ಮಾಡಿದೆ. ಎಡದಲ್ಲಿ ಅದೇ ಹಾಡು. ಬಲದಲ್ಲಿ ಗುಂಯ್ ಎನ್ನುವ ಸದ್ದು, ಅಷ್ಟೇ.

"ಅವ್ವ ಆಡ್ತಿಲ್ಲ, ಯಾರನ್ನೋ ಬಯ್ತಾವ್ಳೆ. ಬಾಯ್ ನೋಡ್ಲಾ."

ನೋಡಿದೆ. ತುಟಿಗೆ ಸೋಬಾನೆಯ ಸಾಲು ಕೂಡಿಸಲು ಹೋದೆ, ಕೂಡಲಿಲ್ಲ. ಸಾಲೇ ನನಗೆ ಸರಿಯಾಗಿ ಬಾರದಿರಬಹುದು. ಒಪ್ಪದೆ ಆ ತುಣುಕನ್ನು ಮತ್ತೆ ಮತ್ತೆ ಹಾಕಿದೆ. ಅಕ್ಕ ಎದ್ದು ಹೋದಳು.

ಈಗ ಅವ್ವನ ದನಿ ನೆನೆಯಲು ಹೋದರೆ ಆ ಸಿನಿಮಾ ಹಾಡೇ ಕೇಳಿಸುತ್ತದೆ.