ಲೋಬಾನದ ಹೊಗಿ, ಕಡೀ ಬೆಂಚಿನ ಹುಡುಗಿ

ಆ ದೆವ್ವದ ಧಾರಾವಾಹಿ ಟಿ.ವಿ.ಯಾಗ ಮೂರು ಭಾಗ ಬಂತು. ಯಾವುದು ಚಲೋ ಅಂತ ಅಫಜಲಪುರದ ಆ ಓಣ್ಯಾಗ ಯಾರನ್ನರ ಕೇಳ್ರಿ, ಎರಡನೇದು ಅಂತಾರ. ಅಲ್ಲ ಅನ್ನಾವ ನೋಡೇ ಇಲ್ಲ, ಸುಮ್ಮನ ಬಾಯಿ ಬಡಕೋತಾನ. ಲೋಬಾನದ ವಾಸನಿ ಬಂದ್ರ ಇವತ್ತಿಗೂ ಮಂದಿಗೆ ಆ ಹುಡುಗಿ ನೆನಪಾಗ್ತಾಳ.

ತೊಂಬತ್ತೊಂದರ ಸುಮಾರು. ಓಣಿಗೆಲ್ಲ ಒಂದೇ ಟಿ.ವಿ., ಟೇಲರ್ ಲಾಡ್ಲೆಸಾಬನ ಅಂಗಡ್ಯಾಗ. ಧಾರಾವಾಹಿ ಬರೋದು ಗುರುವಾರ ದೀಪ ಹಚ್ಚೋ ಹೊತ್ತಿಗೆ. ಸಾಬ ಮನಿಗೂ ಅಂಗಡಿಗೂ ಲೋಬಾನದ ಹೊಗಿ ಹಾಕೋದೂ ಅದೇ ಹೊತ್ತಿಗೆ. ಮೂಲಿ ಮೂಲಿಗೆ ಹೊಗಿ ತೋರಿಸಿ, ಕಡೀಕ ಕೆಂಡದ ಬಟ್ಟಲ ಟಿ.ವಿ. ಸುತ್ತ ತಿರುವತಿದ್ದ. ಒಳಗಿನ ದೆವ್ವ ಹೊರಗ ಬರಬಾರದು ನೋಡ್ರಿ!

"ಸಾಬ, ಹೊಗಿಗೆ ದೆವ್ವ ಅಲ್ಲ, ನಾವು ಓಡತೇವಿ," ಅಂತ ಕಿರಾಣಿ ಜಗದೇವಪ್ಪ ಕೆಮ್ಮತಿದ್ದ.

"ಓಡಲೇ! ಪುಕಟ ನೋಡೋರಿಗೆ ಮಾತು ಬ್ಯಾರೆ!"

ಮೊದಲನೇ ಭಾಗದಾಗ ಬರೀ ಬಾಗಿಲ ಬಡಿಯೋದು, ಬೆಕ್ಕು ಒದರೋದು. ಮೂರನೇದ್ರಾಗ ಎಲುಬಿನ ಹಂದರ ಕುಣೀತು, ಮಂದಿ ನಕ್ಕು ಎದ್ದುಹೋದರು. ಎರಡನೇದ್ರಾಗ ಮಾತ್ರ ಹೈಸ್ಕೂಲಿಗೆ ಒಂದು ಸತ್ತ ಹುಡುಗಿ ಬರತಿತ್ತು. ಯಾರಿಗೂ ಏನೂ ಮಾಡತಿರಲಿಲ್ಲ. ಕಡೀ ಬೆಂಚಿನ ಮ್ಯಾಲ ಕೂತು ಪಾಠ ಕೇಳತಿತ್ತು. ಹಾಜರಿ ಕರಿಯುವಾಗ ಕೈ ಎತ್ತತಿತ್ತು. ಮಾಸ್ತರ ಆಕಿ ಹೆಸರೇ ಕರೀತಿರಲಿಲ್ಲ.

ಲಾಡ್ಲೆಸಾಬನ ಮಗಳು ನಜಮುನ್ನಿಸಾ ಆ ವರ್ಷ ಏಳನೇತ್ತೆ ಪಾಸಾಗಿದ್ಲು. "ಸಾಕು, ಹುಕ್ಕು ಹಚ್ಚೋದು ಕಲೀಲಿ," ಅಂತ ಅವನೇ ಸಾಲಿ ಬಿಡಿಸಿದ್ದ. ಹೆಂಡತಿ ಖಾಸೀಂಬಿ ಬ್ಯಾಡಂದು ಬೈಸಿಕೊಂಡು ಸುಮ್ಮನಾಗಿದ್ಲು. ಜೂನ್ ಬಂತು. ಊರ ಹುಡುಗ್ಯಾರ ಸಾಲೀ ನೀಲಿ ಲಂಗಕ್ಕೆಲ್ಲ ನಜಮುನ್ನಿಸಾನೇ ಹುಕ್ಕು ಹಚ್ಚಾಕತ್ತಿದ್ಲು.

ಎರಡನೇ ಭಾಗದ ಕಡೀ ಗುರುವಾರ ಸಾಬ ಕೆಂಡದ ಬಟ್ಟಲ ಹಿಡಕೊಂಡು ಟಿ.ವಿ. ಕಡೆ ಬಂದ. ಮಗಳು ಅಡ್ಡ ನಿಂತಳು.

"ಅಬ್ಬಾ, ಇವತ್ತ ಬ್ಯಾಡ."

"ಯಾಕ ಬೇ?"

"ಹೊಗಿಗೆ ಆಕಿ ಹೋಗಿಬಿಡ್ತಾಳ. ಸಾಲಿ ಕಲೀಲಿ ಬಿಡು. ಮತ್ತೇನ ಕೇಳತಾಳ ಆಕಿ?"

ಜಗದೇವಪ್ಪಗ ನಗಿ ಬರಲಿಲ್ಲ. ಬಟ್ಟಲ ಕೈ ಸುಡಾಕತ್ತಿತ್ತು, ಸಾಬ ಹಂಗೇ ನಿಂತಿದ್ದ. ಆಮ್ಯಾಲ ಹೋಗಿ ಅದನ್ನ ಹೊರಗ ಕಟ್ಟಿ ಮ್ಯಾಲ ಇಟ್ಟು ಬಂದ.

ಅವತ್ತ ಟಿ.ವಿ.ಯಾಗ ಮಾಸ್ತರ ಆ ಹುಡುಗಿ ಹೆಸರು ಕರೆದ. ಅಂಗಡಿಗೆ ಅಂಗಡೀನೇ ಉಸಿರು ಬಿಡ್ತು.

ಮರುದಿನ ಸಾಬ ಟೇಪು ಹಿಡಿದು ಮಗಳ ಅಳತಿ ತಗೊಂಡ. "ನೆಟ್ಟಗ ನಿಂದರ ಬೇ!" ಬೆಳೆಯೋ ಹುಡುಗ್ಯಾರ ಲಂಗದ ಅಂಚಿಗೆ ಎರಡು ಬಟ್ಟು ಅರಿವಿ ಒಳಗ ಮಡಚಿ ಹೊಲಿಯೋದು ಅವನ ರೂಢಿ, ಮುಂದಿನ ವರ್ಷ ಬಿಚ್ಚಿ ಇಳಿಸಾಕ. ಅವತ್ತ ಮಗಳ ನೀಲಿ ಲಂಗಕ್ಕ ಒಂದು ಗೇಣು ಮಡಚಿದ.

"ಇಷ್ಟ್ಯಾಕ್ರಿ?" ಅಂದಳು ಖಾಸೀಂಬಿ.

"ಮ್ಯಾಟ್ರಿಕ್ ತನಕ ಇಳಿಸಬೇಕಲ್ಲ!" ಅಂತ ಗದರಿಸಿ, ಮಷೀನು ತುಳಿದ.